ತುರ್ತು ಕಪಾಟೂ ಅತ್ತೆಯ ಡಬ್ಬಿಯೂ

ಅಪಾಯ ಬರುವ ಮೊದಲೇ ಅದನ್ನು ಗುರುತಿಸುವುದು ನನ್ನ ಉದ್ಯೋಗ. ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ನಾನು ಸೇಫ್ಟಿ ಆಫೀಸರ್. ಹೆಲ್ಮೆಟ್ ಇಲ್ಲದವನನ್ನು ನೂರು ಗಜ ದೂರದಿಂದಲೇ ಹಿಡಿಯಬಲ್ಲೆ. ಇಂಥವನ ಮನೆಯಲ್ಲೇ ತುಫಾನಿಗೆ ಸಿದ್ಧತೆ ಇಲ್ಲವೆಂದರೆ ಇಡೀ ಇಲಾಖೆಗೆ ಅವಮಾನವಲ್ಲವೇ?

ತರಬೇತಿಗೆಂದು ವಿಜಯವಾಡಕ್ಕೆ ಹೋಗಿದ್ದಾಗ, ಅಲ್ಲಿನ ಪಟಮಟ ಬಡಾವಣೆಯ ಒಂದು ವಸ್ತುಪ್ರದರ್ಶನದಲ್ಲಿ ನನಗೆ ಜ್ಞಾನೋದಯವಾಯಿತು. ಬೆಳ್ಳಿ ಬಣ್ಣದ ಪೊಟ್ಟಣಗಳಲ್ಲಿ ಬಿಸಿಬೇಳೆಬಾತ್, ಪಲಾವ್, ರಾಜ್ಮಾ, ಪಾಯಸ! ಫ್ರಿಜ್ ಬೇಡ, ಒಲೆ ಬೇಡ. ಕತ್ತರಿಸುವುದು, ತಿನ್ನುವುದು. "ಒಂದು ವರ್ಷ ಏನೂ ಆಗೋದಿಲ್ಲ ಸಾರ್. ಭೂಕಂಪಕ್ಕೂ ಆಯಿತು, ಯುದ್ಧಕ್ಕೂ ಆಯಿತು" ಎಂದ ಮಾರುವವನು. ಇಪ್ಪತ್ತು ಪೊಟ್ಟಣ ಕೊಂಡೆ. ರೈಲಿನಲ್ಲಿ ಆ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ವಿಶಾಖಪಟ್ಟಣದಂಚಿನ ಪೆಂಡುರ್ತಿಯ ನಮ್ಮ ಮನೆಗೆ ತಂದೆ.

ನನ್ನ ಹೆಂಡತಿ ಶಾಂತಾ ಬಾಗಲಕೋಟೆ ಕಡೆಯವಳು. ಒಂದು ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಏನ್ರೀ ಇದು? ಯಾವಾಗೋ ಮಾಡಿದ್ದ ಅನ್ನ ರೊಕ್ಕಾ ಕೊಟ್ಟು ತಂದೀರಲ್ಲ! ಮನ್ಯಾಗ ತಂಗಳ ಅಂದ್ರ ಮೂಗು ಮುರೀತೀರಿ."

"ಇದಕ್ಕ ತಂಗಳ ಅನ್ನೂದಿಲ್ಲ. ವಿಜ್ಞಾನ ಅಂತಾರ!"

"ಆತ್ ಬಿಡ್ರಿ. ಹೆಂಗೂ ಅವ್ವನ ರೊಟ್ಟಿ ಡಬ್ಬಿ ಐತಿ."

ಆ ಡಬ್ಬಿಯೇ ನನ್ನ ವಿಜ್ಞಾನಕ್ಕೆ ಅಡ್ಡ ಕುಳಿತಿತ್ತು. ಎಪ್ಪತ್ತು ದಾಟಿದ ನಮ್ಮ ಅತ್ತೆ ಕೈಯಾರೆ ಬಡಿದು, ಒಣಗಿಸಿ ಕಳಿಸಿದ ನೂರು ಕಡಕ್ ರೊಟ್ಟಿ, ಜೊತೆಗೆ ಒಂದು ಚೀಲ ಶೇಂಗಾ ಚಟ್ನಿಪುಡಿ. "ಗಾಳಿ ಮಳಿ ಊರು, ಅಡಚಣಿಗೆ ಇರ್ಲಿ" ಎಂದು ಹೇಳಿ ಕಳಿಸಿದ್ದರು. ಶಾಂತಾ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೀಲಿ ಇದ್ದ ಕಪಾಟು ಒಂದೇ, ಅದರ ತುಂಬ ಈ ಸ್ಟೀಲಿನ ಡಬ್ಬಿ.

ಶಾಂತಾ ತರಕಾರಿಗೆ ಹೋದ ಹೊತ್ತು ನೋಡಿ ಡಬ್ಬಿಯನ್ನು ಪಕ್ಕದ ಮನೆಯ ರತ್ನಕುಮಾರಿಗಾರಿಗೆ ದಾನ ಮಾಡಿದೆ. "ನಿಮಗೋಸ್ಕರವೇ ಊರಿಂದ ತರಿಸಿದ್ದು" ಎಂದೂ ಸೇರಿಸಿದೆ. ಹೇಗೂ ಸುಳ್ಳು ಹೇಳುವುದು, ಜೊತೆಗೆ ಒಂದಿಷ್ಟು ಮರ್ಯಾದೆ ಸಿಕ್ಕರೆ ಬಿಡುವುದೇಕೆ?

ಪೊಟ್ಟಣಗಳು ಒಳಗೆ ಹೋದವು. ಬಾಗಿಲಿಗೆ ಕೆಂಪಕ್ಷರದ ಕಾಗದ ಅಂಟಿಸಿದೆ: 'ತುರ್ತು ಆಹಾರ. ಅನುಮತಿಯಿಲ್ಲದೆ ಮುಟ್ಟಬಾರದು.' ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಡಬ್ಬಿಯೂ ಒಳಗೇ ಇದೆಯೆಂದು ಶಾಂತಾ ನೆಮ್ಮದಿಯಾಗಿದ್ದಳು. ಅವಳ ನೆಮ್ಮದಿಯನ್ನು ಕೆಡಿಸುವುದು ನನಗೆ ಸರಿಯೆನಿಸಲಿಲ್ಲ.

ಆದರೆ ತುರ್ತು ಸಾಮಗ್ರಿಯನ್ನು ಆಗಾಗ ತಪಾಸಣೆ ಮಾಡದಿದ್ದರೆ ಅದು ಕರ್ತವ್ಯಲೋಪ! ಶನಿವಾರ ಸಂಜೆ ಶಾಂತಾ ಮಗಳನ್ನು ಕರೆದುಕೊಂಡು ಭಜನೆಗೆ ಹೋಗುತ್ತಿದ್ದಳು. ನಾನು ಒಂದು ಪೊಟ್ಟಣ ತೆಗೆದು, ಕತ್ತರಿಸಿ, ಚಮಚದಿಂದ ತಪಾಸಣೆ ನಡೆಸುತ್ತಿದ್ದೆ. ಬಿಸಿಬೇಳೆಬಾತ್: ತೃಪ್ತಿಕರ. ಪಲಾವ್: ತೃಪ್ತಿಕರ. ರಾಜ್ಮಾ ಎಷ್ಟು ತೃಪ್ತಿಕರವೆಂದರೆ ಮರುವಾರವೂ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕಾಯಿತು. ಪಾಯಸವನ್ನು ಮಾತ್ರ ಮುಟ್ಟಲಿಲ್ಲ. ನನಗೆ ಶುಗರ್ ಇದೆ.

ದಸರೆ ಮುಗಿದ ಮೇಲೆ ತುಫಾನು ಬಂದೇಬಿಟ್ಟಿತು. ಕರೆಂಟು ಹೋಯಿತು, ರಸ್ತೆಗೆ ಮರ ಬಿತ್ತು, ಅಂಗಡಿ ಮುಚ್ಚಿದವು. ಎರಡನೆಯ ದಿನ ಗ್ಯಾಸೂ ಮುಗಿಯಿತು. "ಅಪ್ಪಾ, ಆಕಲೇಸ್ತೋಂದಿ" ಎಂದು ಹತ್ತು ವರ್ಷದ ಮಗಳು ಸಿಂಧು ತೆಲುಗಿನಲ್ಲೇ ಹಸಿವು ಹೇಳಿಕೊಂಡಳು. ನಾನು ಗಂಭೀರವಾಗಿ ಉಡದಾರದಿಂದ ಕೀಲಿ ಬಿಚ್ಚಿದೆ. ನನ್ನ ಜೀವನದ ಅತಿ ದೊಡ್ಡ ಕ್ಷಣ!

ಮೊದಲನೆಯ ಪೊಟ್ಟಣ ಪಾಯಸ. ಸಿಂಧು ಕುಣಿದಳು. ಎರಡನೆಯದೂ ಪಾಯಸ. ಮೂರನೆಯದನ್ನು ಕತ್ತರಿಸುವಾಗ ಅವಳ ಮುಖ ಬಾಡಿತು. "ಅಪ್ಪಾ, ಮಳ್ಳೀ ಪಾಯಸಮಾ?" ಎಂದಳು, ಮತ್ತೆ ಪಾಯಸವೇ ಎಂದು.

ಉಳಿದಿದ್ದ ಎಂಟೂ ಪಾಯಸ.

"ಇಪ್ಪತ್ತು ತಂದಿದ್ರೆಲ್ಲ? ಉಳಿದದ್ದು ಎಲ್ಲಿ ಹೋದುವು?" ಎಂದಳು ಶಾಂತಾ.

"ತಪಾಸಣಿಯೊಳಗ ಖರ್ಚಾದುವು."

"ಯಾರು ಮಾಡಿದ್ರು ತಪಾಸಣಿ?"

"ಇಲಾಖೆ."

ಅವಳು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿದಳು. "ಇಲಾಖೆ ಚಲೋ ಬೆಳದೈತಿ. ಸರೀರಿ ಅತ್ತಾಗ, ಅವ್ವನ ರೊಟ್ಟಿ ತಗೀತೀನಿ" ಎಂದು ಕಪಾಟಿನೊಳಗೆ ತಲೆ ಹಾಕಿದಳು. ನನಗೆ ಏನಾದರೂ ಸುಳ್ಳು ಹೊಳೆಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು.

ರತ್ನಕುಮಾರಿಗಾರು! ಎದೆಗವಚಿಕೊಂಡ ಸ್ಟೀಲಿನ ಡಬ್ಬಿ!

"ವದಿನಗಾರೂ, ನಿಮ್ದೂ ಗ್ಯಾಸ್ ಆಗೋಯ್ತಂತೆ. ಪಾಪಗೆ ಹಸಿವಲ್ವಾ? ಈ ರೊಟ್ಟೆಲು ತಿನಂಡಿ. ನಮ್ಮ ಮಾವಗಾರಿಗೆ ಹಲ್ಲಿಲ್ಲ, ಅದಕ್ಕೇ ತುಫಾನಿಗೆ ಅಂತ ಎತ್ತಿಟ್ಟಿದ್ದೆ. ಅನ್ನಯ್ಯಗಾರೇ ನಮಗೋಸ್ಕರ ಊರಿಂದ ತರಿಸಿದ್ದು!" ಎಂದು ಶಾಂತಾಗೆ ಹೇಳುತ್ತ ನನ್ನತ್ತ ಕೈ ತೋರಿಸಿದರು.

ಶಾಂತಾ ಡಬ್ಬಿಯನ್ನು ತಿರುಗಿಸಿದಳು. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೆತ್ತಿಸುತ್ತಾರೆ. ನಾನು ಅದೊಂದನ್ನು ನೋಡಿರಲಿಲ್ಲ. ಬುಡದಲ್ಲಿ ಚುಕ್ಕಿಚುಕ್ಕಿಯಾಗಿ ಅತ್ತೆಯ ಹೆಸರು: 'ಗಂಗವ್ವ'.

ಶಾಂತಾ ರತ್ನಕುಮಾರಿಗಾರನ್ನು ಕೂರಿಸಿ, ರೊಟ್ಟಿ ಮುರಿದು, ಚಟ್ನಿಪುಡಿ ಹಾಕಿ ಎಲ್ಲರಿಗೂ ಕೊಟ್ಟಳು. ನನ್ನ ಮುಂದೆ ಬಂದದ್ದು ಬೆಳ್ಳಿ ಬಣ್ಣದ ಪೊಟ್ಟಣ.

"ನನಗ ಶುಗರ್ ಐತೆಲ್ಲ!"

"ತಪಾಸಣಿ ಮಾಡ್ರಿ."

ಪಕ್ಕದವರು ಹೋದ ಮೇಲೆ ಅರ್ಧ ರೊಟ್ಟಿ ಕೊಟ್ಟಳು. ಅದರ ಮೇಲೆ ಅತ್ತೆಯ ಬೆರಳಿನ ಗುರುತುಗಳಿದ್ದವು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಹಸಿವೂ ಆಗಿತ್ತು, ಅದಕ್ಕೇ ನಾಚಿಕೆಪಡುತ್ತಲೇ ತಿಂದೆ.

ಫೋನು ಸರಿಹೋದ ದಿನ ಶಾಂತಾ ತಾಯಿಯ ಜೊತೆ ಒಂದು ತಾಸು ಮಾತಾಡಿದಳು. ಸಂಕ್ರಾಂತಿಗೆ ಊರಿಂದ ಹೊಸ ಡಬ್ಬಿ ಬಂತು. ಈ ಸಲ ನಾನು ಬುಡ ಮುಚ್ಚಳ ಎಲ್ಲ ಪರೀಕ್ಷಿಸಿದೆ. 'ಗಂಗವ್ವ' ಎಂಬ ಹೆಸರಿನ ಕೆಳಗೆ ಇನ್ನೊಂದು ಸಾಲು ಕೆತ್ತಿಸಿದ್ದರು: 'ಅಳಿಯ ಮುಟ್ಟಬಾರದು.'

ಅಪಾಯವನ್ನು ಮೊದಲೇ ಗುರುತಿಸುವ ಉದ್ಯೋಗದಲ್ಲಿ ಅತ್ತೆ ನನಗಿಂತ ಸೀನಿಯರ್!