ಓರ್ವಿನ್ ತನ್ನ ಪಿಕಪ್ಪಿನ ಸೊಂಟ ಎತ್ತಿದ್ದು

"ಯಾರನ್ನೂ ಕೇಳೋದಿಲ್ಲ! ಯಾವ ಗ್ಯಾರೇಜಿಗೂ ಹೋಗೋದಿಲ್ಲ! ಈ ಗಾಡಿಯ ಸೊಂಟ ನಾನೇ ಎತ್ತಿ ನಿಲ್ಲಿಸ್ತೀನಿ!"

ಮೇ ತಿಂಗಳ ಒಂದು ಮಂಗಳವಾರ ಬೆಳಗ್ಗೆ, ಕಾಫಿ ಲೋಟ ಮೇಲೆತ್ತಿ, ಮಿನ್ನೆಸೋಟದ ಓರ್ವಿನ್ ಟಾಲೆಫ್‌ಸನ್ ಮಾಡಿದ ಭೀಷ್ಮ ಪ್ರತಿಜ್ಞೆ ಇದು. ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಹೆಂಡತಿ ಮಾರ್ಲಿಸ್. ಇನ್ನೊಂದು ಅಂಗಳದಲ್ಲಿ ನಿಂತಿದ್ದ ಪಿಕಪ್ ಗಾಡಿ.

ಗಾಡಿಗೆ ಇಪ್ಪತ್ತೇಳು ವರ್ಷ, ಮದುವೆಗೂ ಅಷ್ಟೇ. ಆ ಗಾಡಿ ಅಂದರೆ ಓರ್ವಿನ್‌ಗೆ ಪ್ರಾಣ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ! ಪ್ರತಿ ಚಳಿಗಾಲವೂ ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು ತಿಂದು ತಿಂದು ಗಾಡಿಯ ಅಡಿಭಾಗ ಹಪ್ಪಳದ ಹಾಗಾಗಿತ್ತು. ಈ ವರ್ಷವಂತೂ ಹಿಂಭಾಗ ಪೂರ್ತಿ ಕುಸಿದು, ಗಾಡಿ ಮೂತಿ ಎತ್ತಿಕೊಂಡು ಆಕಾಶ ನೋಡುತ್ತಿತ್ತು.

"ಶನಿವಾರ ಮೀನಿನ ದಿನ, ನೆನಪಿದೆ ತಾನೆ?" ಎಂದಳು ಮಾರ್ಲಿಸ್. "ಅಷ್ಟರೊಳಗೆ ಅದು ನೆಟ್ಟಗೆ ನಿಲ್ಲದಿದ್ರೆ ಸೋಮವಾರ ಗುಜರಿಯವನಿಗೆ ಫೋನ್ ಮಾಡ್ತೀನಿ."

ಓರ್ವಿನ್ ಲೋಟ ಕೆಳಗಿಟ್ಟ. ಮೇ ತಿಂಗಳ ಆ ಶನಿವಾರ ಸರ್ಕಾರ ಮೀನು ಹಿಡಿಯಲು ಅಪ್ಪಣೆ ಕೊಡುವ ಮೊದಲ ದಿನ. ಅವತ್ತು ಕೆರೆಗೆ ದೋಣಿ ಇಳಿಸದ ಗಂಡಸು ಆ ಸೀಮೆಯಲ್ಲಿ ವರ್ಷವಿಡೀ ತಲೆ ತಗ್ಗಿಸಿ ಓಡಾಡಬೇಕು. ದೋಣಿ ಎಳೆಯುವುದಕ್ಕೆ ಇದ್ದದ್ದು ಇದೊಂದೇ ಗಾಡಿ. ಅದೇ ಗುಜರಿಗೆ ಹೋದರೆ?

"ಹಿಂದಿನ ಭಾರ ಹೊರೋ ಸ್ಪ್ರಿಂಗ್ ಪಟ್ಟಿ ಸೋತಿದೆ ಕಣೇ, ಅಷ್ಟೇ. ಎರಡೂ ಕಡೆ ಒಂದೊಂದು ಪಟ್ಟಿ ಹೆಚ್ಚಿಗೆ ಕೂರಿಸಿದ್ರೆ ಕುದುರೆ ಹಾಗೆ ನಿಲ್ಲುತ್ತೆ."

"ಅಲ್ಲ ಓರ್ವಿನ್, ಹಿಂದೆ ಆ..."

"ಗಾಡಿ ವಿಷಯ ನಂಗೆ ಬಿಡು ಮಾರಾಯ್ತಿ!"

ಮಾರ್ಲಿಸ್ ಬಿಟ್ಟಳು.

ಮಂಗಳವಾರ ಜಾಕು ಇಟ್ಟ. ಜಾಕು ಮುಲುಗಿತು, ಓರ್ವಿನ್ನೂ ಮುಲುಗಿದ. "ಆಹಾ, ಏನು ತೂಕ! ಹಳೇ ಕಾಲದ ಕಬ್ಬಿಣ ಅಂದ್ರೆ ಇದು!" ಎಂದು ಹೆಮ್ಮೆಯಿಂದ ಗಾಡಿಯ ಬೆನ್ನು ತಟ್ಟಿದ. ಆಮೇಲೆ ಪಾನಾ ಹಿಡಿದು ಮೊದಲ ಬೋಲ್ಟಿಗೆ ಕೈ ಹಾಕಿದ. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಬಡಿದ, ಬೆಂಕಿ ತೋರಿಸಿದ, ಕೊನೆಗೆ ಕೈ ಮುಗಿದ. ಸಂಜೆಗೆ ಬೋಲ್ಟು ಕರುಣೆ ತೋರಿತು, ಅಂದರೆ ಎರಡು ತುಂಡಾಯಿತು!

ಬುಧವಾರ ಹೆಬ್ಬೆರಳಿಗೆ ಸುತ್ತಿಗೆ ಬಿತ್ತು. ಗಾಡಿಯ ಅಡಿಯಿಂದ ಹೊರಬಿದ್ದ ಮಾತುಗಳನ್ನು ಕೇಳಿ ಪಕ್ಕದ ಮನೆಯ ನಾಯಿಯೂ ಒಳಗೆ ಹೋಯಿತು. ಗುರುವಾರ ಒಂದು ಕಡೆಯ ಪಟ್ಟಿ ಕೂತಿತು. ಆದರೆ ಅದನ್ನು ಉಲ್ಟಾ ಕೂರಿಸಿದ್ದ. ಬಿಚ್ಚಿ ಮತ್ತೆ ಕೂರಿಸಿದ.

ಶುಕ್ರವಾರ ಅಡುಗೆಮನೆಯಿಂದ ಕೂಗು ಬಂತು.

"ಓರ್ವಿನ್! ಚರ್ಚಿನ ಊಟಕ್ಕೆ ಆಲೂಗಡ್ಡೆ ಬೇಯಿಸೋ ನನ್ನ ಗಾಜಿನ ತಟ್ಟೆ ಎಲ್ಲಿ?"

ಗಾಡಿಯ ಅಡಿಯಿಂದ ಸಣ್ಣ ದನಿ ಬಂತು. "ಇಲ್ಲಿದೆ."

"ಅಲ್ಲೇನು ಮಾಡ್ತಿದೆ?"

"ನಟ್ಟುಗಳು ಎಣ್ಣೇಲಿ ನೆನೀತಿವೆ."

ಮಾರ್ಲಿಸ್ ಸೊಂಟಕ್ಕೆ ಕೈ ಇಟ್ಟು ಬಂದಳು. ನಾಲ್ಕು ದಿನದ ಗಡ್ಡ, ಬಾತ ಹೆಬ್ಬೆರಳು, ಕಿವಿಯವರೆಗೂ ಗ್ರೀಸು! ಬೈಯಲು ಬಂದವಳಿಗೆ ಅವನನ್ನು ನೋಡಿ ಕನಿಕರ ಬಂತು. "ನೋಡು, ಗಾಡಿ ಮೇಲಿನ ಆ ಟಾರ್ಪಾಲ್ ಕೆಳಗೆ..."

"ಮೇಲೆ ಏನಿಲ್ಲ ಕಣೇ, ರೋಗ ಇರೋದೆಲ್ಲ ಕೆಳಗೆ! ವೈದ್ಯರ ಕೆಲಸದ ಮಧ್ಯೆ ಬಾಯಿ ಹಾಕ್ಬೇಡ."

"ಆಯ್ತಪ್ಪ ವೈದ್ಯ" ಎಂದು ತಟ್ಟೆ ಎತ್ತಿಕೊಂಡು ಹೋದಳು. ಆ ತಟ್ಟೆಯನ್ನು ಅವಳು ಏಳು ಸಲ ತೊಳೆದಳಂತೆ.

ಶುಕ್ರವಾರ ಸಂಜೆ ಇನ್ನೊಂದು ಕಡೆಯ ಪಟ್ಟಿಯನ್ನೂ ಕೂರಿಸಿ ಜಾಕು ಇಳಿಸಿದ. ಗಾಡಿ ನಿಂತಿತು! ನೆಟ್ಟಗೆ! ಟೇಪು ಹಿಡಿದು ಅಳೆದರೆ ಮುಂದೂ ಹಿಂದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಓರ್ವಿನ್‌ಗೆ ಕಣ್ಣು ತುಂಬಿ ಬಂತು. ಅಂಗಳದಲ್ಲಿ ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಮಾರ್ಲಿಸ್ ಕಿಟಕಿಯಿಂದ ನೋಡಿದಳು.

ಶನಿವಾರ ಬೆಳಗ್ಗೆ ಗಾಳ, ಬಲೆ, ಸ್ಯಾಂಡ್‌ವಿಚ್ ಡಬ್ಬ ಇಡೋಣವೆಂದು ಹಿಂದಿನ ಟಾರ್ಪಾಲು ಬಿಚ್ಚಿದ.

ಬಿಚ್ಚಿದವನು ಹಾಗೇ ನಿಂತ.

ಒಳಗೆ ಆರು ಮರಳಿನ ಮೂಟೆ ಮಲಗಿದ್ದವು. ಒಂದೊಂದೂ ಅರವತ್ತು ಪೌಂಡು! ಮಂಜಿನ ರಸ್ತೆಯಲ್ಲಿ ಹಿಂದಿನ ಗಾಲಿ ಜಾರದಿರಲೆಂದು ಆ ಊರವರೆಲ್ಲ ನವೆಂಬರಿನಲ್ಲಿ ಹೇರಿ, ಏಪ್ರಿಲಿನಲ್ಲಿ ಇಳಿಸುವ ಮೂಟೆಗಳು. ಓರ್ವಿನ್ ಹೇರಿದ್ದ. ಇಳಿಸಿರಲಿಲ್ಲ.

ಒಂದೊಂದೇ ಇಳಿಸಿದ. ಒಂದೊಂದು ಇಳಿದಂತೆ ಗಾಡಿಯ ಹಿಂಭಾಗ ಮೇಲೇರಿತು. ಆರನೆಯದು ಇಳಿದಾಗ ಗಾಡಿ ಹಾಯಲು ತಲೆ ಬಗ್ಗಿಸಿದ ಹೋರಿಯ ಹಾಗೆ ನಿಂತಿತ್ತು! ದೋಣಿಯ ಬಂಡಿ ಸಿಕ್ಕಿಸಿ ನೋಡಿದ. ದೋಣಿಯ ಮೂತಿ ಆಕಾಶಕ್ಕೆ ಎದ್ದು, ಬಾಲ ನೆಲ ಕೆರೆಯಿತು.

"ನಿಂಗೆ ಗೊತ್ತಿತ್ತಾ?" ಎಂದು ಬಾಗಿಲಿಗೆ ಬಂದಿದ್ದ ಮಾರ್ಲಿಸ್‌ಳನ್ನು ಕೇಳಿದ.

"ನವೆಂಬರಿನಲ್ಲಿ ಟಾರ್ಪಾಲಿನ ಆ ತುದಿ ಹಿಡಿದವಳು ಯಾರು? ಎರಡು ಸಲ ಹೇಳೋಕೆ ಬಂದೆ, ವೈದ್ಯರು ಬಾಯಿ ಮುಚ್ಚಿಸಿದ್ರು." ಮಾರ್ಲಿಸ್ ನಗು ತಡೆಯಲಾರದೆ ಬಾಗಿಲ ಮೆಟ್ಟಿಲ ಮೇಲೆ ಕೂತೇಬಿಟ್ಟಳು. "ಆಮೇಲೆ ಯೋಚನೆ ಮಾಡ್ದೆ, ನಾಲ್ಕು ದಿನ ಗಂಡ ಗಾಡಿ ಕೆಳಗಿದ್ರೆ ಮನೇಲಿ ಎಷ್ಟು ನೆಮ್ಮದಿ!"

"ಹಾಗಾದ್ರೆ... ಗುಜರಿ?"

"ಹೋಗೋ! ನಮ್ಮ ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ತಂದ ಗಾಡಿ ಅದು. ಗುಜರಿಗೆ ಕೊಡೋಕೆ ನಂಗೇನು ತಲೆ ಕೆಟ್ಟಿದ್ಯಾ? ನಡಿ, ಮೂಟೆ ವಾಪಸ್ ಹೇರು. ಮೀನು ನಿಂಗೋಸ್ಕರ ಕಾಯಲ್ಲ."

ಹೇರಿದ. ಆರೂ ಮೂಟೆ. ಗಾಡಿ ಮತ್ತೆ ನೆಟ್ಟಗಾಯಿತು, ಓರ್ವಿನ್ ಮಾತ್ರ ಬಗ್ಗಿದ. ಕೆರೆಯ ದಂಡೆಯಲ್ಲಿ ದೋಣಿ ಇಳಿಸುವ ಸಾಲು ಉದ್ದ ಇತ್ತು. ಅವನ ಹಿಂದೆ ನಿಂತಿದ್ದ ಗೆಳೆಯ ಹಾರ್ಲನ್ ಗಾಡಿಯ ಸುತ್ತ ಓಡಾಡಿ ನೋಡಿ ಬೆರಗಾದ.

"ಏನಯ್ಯ ಓರ್ವಿನ್, ನಿನ್ನ ಗಾಡಿ ಮದುಮಗನ ಹಾಗೆ ನಿಂತಿದೆ! ನಂದೂ ಹಿಂದೆ ಕುಸಿದಿದೆ. ಸ್ಪ್ರಿಂಗ್ ಪಟ್ಟಿ ಹಾಕಿಸ್ಲಾ? ಯಾರನ್ನ ಕೇಳ್ಲಿ ಹೇಳು."

ಓರ್ವಿನ್ ಬಾತ ಹೆಬ್ಬೆರಳನ್ನು ಜೇಬಿಗಿಳಿಸಿದ. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ:

"ಮೊದಲು ಹೆಂಡ್ತೀನ ಕೇಳು."