ಕೊಂಡವಾಡ ಸೇರಿದ ಗಾಲಿಮನೆ

ಬಿದರಗಟ್ಟಿಯ ಸಂತೆ ಬಯಲಿನಲ್ಲಿ ನೆರಳು ಕೊಡುವ ಮರ ಒಂದೇ. ಆ ಹುಣಸೆ ಮರದ ಕೆಳಗೆ ಪಂಚಾಯ್ತಿ ಚೇರ್ಮನ್ ಈಶಪ್ಪನವರ ಬಂಡಿಯ ಹೊರತು ಬೇರೆ ಬಂಡಿ ನಿಲ್ಲಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಹಳಿಯಾಳ, ದಾಂಡೇಲಿ ಕಡೆಯಿಂದ ಬರುವ ಎತ್ತುಗಳಿಗೂ ಅದು ಗೊತ್ತಿತ್ತು. ಅಂಥ ನೆರಳಿನಲ್ಲಿ ಆ ಸಂತೆಯ ದಿನ ಬೆಳಕು ಹರಿಯುವಷ್ಟರಲ್ಲಿ ನೀಲಿ ಬಣ್ಣದ ಒಂದು ಮೋಟಾರು ನಿಂತಿತ್ತು. ಅದಕ್ಕೆ ಕಿಟಕಿಗಳಿದ್ದವು, ಕಿಟಕಿಗಳಿಗೆ ಹೂವಿನ ಪರದೆಗಳಿದ್ದವು. ಹಿಂದಿನ ಬಾಗಿಲಿನಿಂದ ಹುಣಸೆಯ ಟೊಂಗೆಗೆ ಹಗ್ಗ ಕಟ್ಟಿ ಯಾರೋ ಬನಿಯನ್ ಒಣಹಾಕಿದ್ದರು. ಬಯಲು ಇಳಿಜಾರಾದ್ದರಿಂದ ಮುಂದಿನ ಗಾಲಿಗೆ ಒಂದು ಕಲ್ಲು ಒತ್ತುಕೊಟ್ಟಿತ್ತು.

ಗೋವೆಯಿಂದ ಪೋರ್ತುಗೀಜರು ಹೋಗಿ ಐದಾರು ವರ್ಷವಾಗಿತ್ತು. ಅಂದಿನಿಂದ ಇಂಥ ಮೋಟಾರುಗಳು ಆಗೊಮ್ಮೆ ಈಗೊಮ್ಮೆ ಧೂಳೆಬ್ಬಿಸಿಕೊಂಡು ಜೋಯಿಡಾ ಕಡೆಗೆ ಹೋಗುವುದನ್ನು ಊರವರು ಕಂಡಿದ್ದರು. ನಿಂತದ್ದನ್ನು ಕಂಡದ್ದು ಇದೇ ಮೊದಲು.

ಈಶಪ್ಪನವರು ಬಂಡಿಯಿಂದ ಇಳಿದು ಮೊದಲು ಬನಿಯನ್ ನೋಡಿದರು, ಆಮೇಲೆ ಪಂಚಾಯ್ತಿ ನೌಕರ ಅಡಿವೆಯ್ಯನನ್ನು ನೋಡಿದರು.

“ಏನಲೇ ಇದು?”

“ಮೋಟಾರ ಅನಸ್ತೈತ್ರಿ.”

“ಅದು ನನಗೂ ಕಾಣತೈತಿ. ನನ್ನ ಎತ್ತಿನ ಜಾಗಾದಾಗ ಯಾಕ ಐತಿ?”

“ರಾತ್ರಿ ಬಂದು ನಿಂತಾರ್ರಿ. ನಾ ಮಲಗಿದ್ದೆ.”

“ನೀ ಮಲಗಾಕ ಪಂಚಾಯ್ತಿ ಪಗಾರ ಕೊಡತೈತೇನು? ಕೇಳಿಲ್ಲಿ. ನಾ ಹಳಿಯಾಳಕ್ಕ ಹೊಂಟೇನಿ. ಹೊತ್ತು ಮುಳುಗೂದಕ್ಕ ಮೊದಲ ಬರ್ತೇನಿ. ಅಷ್ಟ್ರಾಗ ಇದು ಇಲ್ಲಿರಬಾರ್ದು. ಇತ್ತಂದ್ರ ನಾಳಿಂದ ನೀ ಇರೂದಿಲ್ಲ. ನನ್ನ ಹೆಣ್ತಿ ತಮ್ಮ ಸೋಮಪ್ಪ ಮನ್ಯಾಗ ಖಾಲಿ ಕುಂತು ನನ್ನ ತಲಿ ತಿನ್ನಾಕತ್ತಾನ.”

ಅಡಿವೆಯ್ಯ ಪಂಚಾಯ್ತಿಯ ಕೊಂಡವಾಡ ಕಾಯುವವನು. ತಪ್ಪಿಸಿಕೊಂಡು ಅವರಿವರ ಪೈರು ಮೇಯುವ ದನಗಳನ್ನು ಹಿಡಿದು ತಂದು ಕೂಡಿಹಾಕಬೇಕು. ಒಡೆಯ ಬಂದು ದಂಡ ಕಟ್ಟುವವರೆಗೆ ಮೇವು ನೀರು ನೋಡಿಕೊಳ್ಳಬೇಕು. ಬಯಲಿನ ಹಲಗೆಯ ಮೇಲೆ ಬರೆದಿದ್ದಂತೆ, ಸಂತೆಯ ದಿನ ಹೊತ್ತು ಮುಳುಗಿದ ಮೇಲೂ ಅಲ್ಲಿ ನಿಂತ ಬಂಡಿಗಳಿಗೆ ದಂಡ ಹಾಕುವುದೂ ಅವನದೇ. ಕೊಂಡವಾಡದ ಗೋಡೆಗೆ ಅಂಟಿಕೊಂಡಿದ್ದ ಒಂದು ಕೋಣೆಯ ಮನೆ ಆ ನೌಕರಿಯ ಜೊತೆಗೆ ಬಂದದ್ದು. ನೌಕರಿ ಹೋದರೆ ಹೆಂಡತಿ ಕಾಶೆವ್ವ, ಅವಳ ಬೀಸುಕಲ್ಲು, ಒಂದು ಹಾಲುಗರೆಯದ ಆಕಳು, ಎಲ್ಲವೂ ಬೀದಿಗೆ ಬರಬೇಕು.

ಅವನು ಗಂಟಲು ಸರಿಮಾಡಿಕೊಂಡು ಮೋಟಾರಿನ ಬಾಗಿಲು ತಟ್ಟಿದ. ಒಳಗಿನಿಂದ ಕೆಂಪು ಗಡ್ಡದ ಎತ್ತರದ ಗಂಡಸೊಬ್ಬ, ಹಿಂದೆಯೇ ಹರಿದ ಹ್ಯಾಟಿನ ಹೆಂಗಸೊಬ್ಬಳು ಇಳಿದರು. ಹೆದರಿಯಾದರೂ ಹೊರಟಾರೆಂದು ಅಡಿವೆಯ್ಯ ದಂಡಕ್ಕೆ ಅಂಗೈ ಚಾಚಿದ. ಗಡ್ಡದವನು ಆ ಕೈಯನ್ನು ಹಿಡಿದು ಭುಜ ಕಳಚುವಂತೆ ಕುಲುಕಿದ. ಹೋಗಿರೆಂದು ಅಡಿವೆಯ್ಯ ಕೈಬೀಸಿದ. ಅವರೂ ನಗುತ್ತ ಕೈಬೀಸಿದರು. ಕೊನೆಗೆ ಪುಂಡ ಎತ್ತನ್ನು ಅಟ್ಟುವ ಹಾಗೆ ಎರಡೂ ಕೈ ಎತ್ತಿ, “ಹೋ! ಹೈ! ನಡೀ!” ಎಂದು ಕುಣಿದ. ಹೆಂಗಸು ಒಳಗೆ ಓಡಿಹೋಗಿ ಕ್ಯಾಮೆರಾ ತಂದು ಅವನ ಫೋಟೋ ಹೊಡೆದುಕೊಂಡಳು.

ಇದನ್ನೆಲ್ಲ ಚಹಾದಂಗಡಿಯ ಚನಬಸಪ್ಪ ಸೌಟು ಹಿಡಿದುಕೊಂಡೇ ನೋಡುತ್ತಿದ್ದ. ಅವನ ಬೆಂಚಿನ ಮೇಲೆ ಕಟ್ಟಿಗೆ ಲಾರಿಯ ಡ್ರೈವರ್ ಇನಾಸ ಕೂತು ಬಸಿಯಲ್ಲಿ ಚಹಾ ಆರಿಸುತ್ತಿದ್ದ.

“ಅಡಿವೆಯ್ಯ, ನೀ ಕೇಳೂದ ತಪ್ಪೈತಿ,” ಎಂದ ಚನಬಸಪ್ಪ. “ಒಳಗ ಸ್ಟೋ ಹಚ್ಯಾರ, ಹಾಸಿಗಿ ಹಾಸ್ಯಾರ. ಅದು ಬಂಡಿ ಅಲ್ಲ, ಮನಿ. ಮನಿಗೆ ದಂಡ ಹಾಕಾಕ ಬರೂದಿಲ್ಲ, ಮನಿಪಟ್ಟಿ ಹಾಕಬೇಕು.”

“ನಾಕು ಗಾಲಿ ಅದಾವಲ್ಲೋ ಮಾರಾಯಾ!”

“ಗಾಲಿ ಇದ್ರೇನಾತು? ಎತ್ತು ಎಲ್ಲದಾವ? ನಿಮ್ಮ ಕಾನೂನಿನಾಗ ಜೋಡೆತ್ತಿನ ಬಂಡಿಗೆ ಇಷ್ಟು, ಒಂಟೆತ್ತಿನ ಬಂಡಿಗೆ ಅಷ್ಟು ಅಂತೈತಿ. ಇದಕ್ಕ ಎತ್ತ ಇಲ್ಲ.”

“ಎಂಜಿನ್ ಹಿಂದ ಐತಿ,” ಎಂದ ಇನಾಸ ಗಂಭೀರವಾಗಿ. “ಹಿಂದ ಎತ್ತು ಕಟ್ಟಿ ದೂಡೂ ಬಂಡಿಗೆ ಎಷ್ಟ್ರಿ ದಂಡ?”

ಸುತ್ತಲಿನವರು ನಕ್ಕರು. ಅಡಿವೆಯ್ಯನಿಗೆ ಅಳು ಬರುವಂತಾಯಿತು. ಆ ಹೊತ್ತಿಗೆ ದಾಂಡೇಲಿಯ ಬಂಗೂರನಗರದಲ್ಲಿ ಗುಮಾಸ್ತಿಕೆ ಮಾಡುವ ಶೇಖಪ್ಪ ಪ್ಯಾಂಟು ತೊಟ್ಟು ಸಂತೆಗೆ ಬಂದ. ಅವನಿಗೆ ಇಂಗ್ಲಿಷು ಬರುತ್ತಿತ್ತು. ಬರುತ್ತದೆಂದು ತೋರಿಸಲು ಊರಿನಲ್ಲಿ ಅವಕಾಶ ಸಿಕ್ಕಿರಲಿಲ್ಲ, ಅಷ್ಟೆ. ಅಡಿವೆಯ್ಯ ಅವನ ತೋಳು ಹಿಡಿದು ಎಳೆದುಕೊಂಡೇ ಹೋದ.

ಶೇಖಪ್ಪ ಬಹಳ ಹೊತ್ತು ಮಾತಾಡಿದ. ಗಡ್ಡದವನು ಅದಕ್ಕಿಂತ ಹೆಚ್ಚು ಮಾತಾಡಿದ. ನಡುನಡುವೆ ಹೆಂಗಸು ಬೆರಳು ಮಡಿಚಿ ಏನೇನೋ ಎಣಿಸಿದಳು.

“ಏನಂತಾರ? ಹೋಗ್ತಾರಂತ?”

“ಜರ್ಮನಿಯವರು. ಗೋವಾಕ್ಕ ಹೊಂಟಾರ. ಪಾಪ, ದಾರ್ಯಾಗ ಭಾಳ ಕಾಡ್ಯಾರಂತ ಇವರಿಗೆ. ಒಂದೂರಾಗ ಎರಡು ತಾಸು ಮೀರಿ ನಿಂತ್ರ ದಂಡ. ಇನ್ನೊಂದೂರಾಗ ಎಷ್ಟೊತ್ತಾದ್ರೂ ನಿಲ್ಲು, ಒಳಗ ಮಲಗಿದ್ರ ದಂಡ. ಮತ್ತೊಂದು ದೇಶದಾಗ ಹೊರಗ ಖುರ್ಚಿ ಹಾಕ್ಕೊಂಡು ಚಾ ಕುಡಿದ್ರ ದಂಡ. ನಿಲ್ಲು ಅಂದಾವ್ರ ಸಿಕ್ಕಿಲ್ಲಂತ.”

“ಅದೆಲ್ಲಾ ಇರಲಿ. ಹೋಗ್ತಾರೋ ಇಲ್ಲೋ?”

“ಹಲಗಿ ಮ್ಯಾಲ ಏನ ಬರದೈತಿ ಅಂತ ಕೇಳಿದ್ರು. ಹೊತ್ತು ಮುಳುಗೂತನಕ ನಿಲ್ಲಬಹುದು ಅಂತ ಓದಿ ಹೇಳಿದೆ. ಭಾಳ ಖುಷಿ ಆತು ಅವರಿಗೆ. ಹಂಗಾದ್ರ ಅಲ್ಲೀತನಕ ನಿಂತ ಹೋಗ್ತೇವಿ ಅಂದ್ರು.”

ಅಡಿವೆಯ್ಯ ಹಣೆ ಬಡಿದುಕೊಳ್ಳುವಷ್ಟರಲ್ಲಿ ಇಬ್ಬರೂ ಹೆಗಲಿಗೆ ಟವೆಲು ಹಾಕಿಕೊಂಡು ಕೆರೆಯ ಕಡೆಗೆ ಹೊರಟುಹೋಗಿದ್ದರು. ಮೋಟಾರಿನ ಬಾಗಿಲನ್ನು ಬರಿದೆ ಮುಚ್ಚಿದ್ದರು, ಕೀಲಿ ಹಾಕಿರಲಿಲ್ಲ. ಈಶಪ್ಪನವರು ಹೊತ್ತು ಮುಳುಗುವ ಮೊದಲೇ ಬರುವವರು. ಇವರು ಹೊತ್ತು ಮುಳುಗಿದ ಮೇಲೆ ಹೋಗುವವರು. ಆ ಸಂದಿನಲ್ಲಿ ತನ್ನ ನೌಕರಿ ಬೀಸುಕಲ್ಲಿಗೆ ಸಿಕ್ಕ ಜೋಳವಾಗುವುದು ಅಡಿವೆಯ್ಯನಿಗೆ ಕಾಣತೊಡಗಿತು.

“ಅಲ್ಲೋ,” ಎಂದ ಚನಬಸಪ್ಪ, ತಾನೇ ಹೊಸದಾಗಿ ಕಂಡುಹಿಡಿದವನಂತೆ, “ಒಡೆಯ ಇಲ್ಲದಂಗ ಬಯಲಾಗ ನಿಂತದ್ದನ್ನ ನೀ ಎಲ್ಲಿಗೆ ಒಯ್ತಿ?”

“ಕೊಂಡವಾಡಕ್ಕ.”

“ಮತ್ತ?”

ಅಡಿವೆಯ್ಯನ ಮುಖ ಎಣ್ಣೆ ಹಾಕಿದ ದೀಪದಂತೆ ಅರಳಿತು. ಬಯಲಿನ ಇಳಿಜಾರು ಕೊನೆಗೊಳ್ಳುವುದೇ ಕೊಂಡವಾಡದ ಬಾಗಿಲಲ್ಲಿ. ಕಲ್ಲು ತೆಗೆದು ಒಂದು ನೂಕು ಕೊಟ್ಟರೆ ಸಾಕು.

“ಇನಾಸ, ನೀ ಕುಂತು ತಿರುವಪ್ಪಾ.”

“ನಾ ಒಲ್ಲೆ. ನನ್ನ ಲೈಸನ್ಸು ಲಾರಿ ಹೊಡ್ಯಾಕ ಕೊಟ್ಟಾರ, ಮಂದಿ ಮನಿ ಹೊಡ್ಯಾಕಲ್ಲ. ನೀ ಕುಂದ್ರು. ನಾ ಹೊರಗ ನಿಂತು ಹೇಳ್ತೇನಿ. ಆ ದುಂಡಂದು ಹಿಡಕೋ. ನಿಲ್ಲಬೇಕಾದ್ರ ಕಾಲಾಗ ಮೂರು ಅದಾವಲ್ಲ, ಅದರಾಗ ನಡಕಿಂದು ಒತ್ತು, ಅದ ಬ್ರೇಕು.”

ಅಡಿವೆಯ್ಯ ಏರಿ ಕೂತ. ಚನಬಸಪ್ಪ ಕಲ್ಲು ತೆಗೆದ. ನಾಲ್ಕು ಜನ ಭುಜ ಕೊಟ್ಟರು. ಮೋಟಾರು ಮೊದಲು ಬಾಣಂತಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟಿತು. ಆಮೇಲೆ ನೂಕುವವರ ಕೈಯಿಂದ ತಪ್ಪಿಸಿಕೊಂಡಿತು. ಒಣಹಾಕಿದ ಬನಿಯನ್ ಟೊಂಗೆಯಿಂದ ಕಿತ್ತ ಹಗ್ಗದ ಸಮೇತ ಹಿಂದೆ ಹಾರಾಡುತ್ತಿತ್ತು. ಮೆಣಸಿನಕಾಯಿ ಮಾರುವವರು ಚೀಲ ಬಿಟ್ಟು ಓಡಿದರು.

“ಒತ್ತೋ! ನಡಕಿಂದು ಒತ್ತು!” ಇನಾಸ ಓಡುತ್ತ ಕೂಗಿದ.

ಅಡಿವೆಯ್ಯ ಹುಟ್ಟಿದಾಗಿನಿಂದ ಓಡುವ ಬಂಡಿಯನ್ನು ನಿಲ್ಲಿಸಿದ್ದು ಒಂದೇ ರೀತಿ. ಸ್ಟೇರಿಂಗನ್ನು ಎರಡೂ ಕೈಯಿಂದ ಎದೆಯ ಕಡೆಗೆ ಜಗ್ಗಿ, ಹಿಂದಕ್ಕೆ ಒರಗಿ, “ಹೋ ಹೋ ಹೋ ನನ್ನಪ್ಪಾ! ನಿಲ್ಲು ನನ್ನ ರಾಜಾ!” ಎಂದು ಮೊರೆಯಿಟ್ಟ. ರಾಜ ನಿಲ್ಲಲಿಲ್ಲ. ಕೊಂಡವಾಡದ ಬಾಗಿಲು ದಾಟಿ, ಅಲ್ಲಿ ಕಟ್ಟಿದ್ದ ಯಾರದೋ ಎಮ್ಮೆಯನ್ನು ಒಂದು ಕೂದಲೆಳೆಯಲ್ಲಿ ತಪ್ಪಿಸಿ, ದನ ನೀರು ಕುಡಿಯುವ ಕಲ್ಲಿನ ಬಾನಿಗೆ ಹೋಗಿ ಬಡಿದು ನಿಂತಿತು. ಮೋಟಾರಿಗೆ ಏನೂ ಆಗಲಿಲ್ಲ. ಬಾನಿ ಎರಡು ಹೋಳಾಯಿತು.

ಕಾಶೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ದಿನಾ ದನಾ ಹಿಡಕೊಂಡು ಬರ್ತಿದ್ದಿ. ಇವತ್ತೇನು ಕೊಟ್ಟಿಗೀನ ಹಿಡಕೊಂಡು ಬಂದ್ಯಲ್ಲ!”

“ಸುಮ್ನಿರು. ನೌಕರಿ ಉಳೀತು.”

ಮಧ್ಯಾಹ್ನ ಜರ್ಮನಿಯವರು ಒದ್ದೆ ಕೂದಲಿನಿಂದ ಬಂದು ಹುಣಸೆಯ ಕೆಳಗೆ ಖಾಲಿ ಜಾಗ ಕಂಡು ಗಾಬರಿಯಾದರು. ಶೇಖಪ್ಪ ಅವರನ್ನು ಕೊಂಡವಾಡಕ್ಕೆ ಕರೆತಂದ. ಬೈಯುತ್ತಾರೆಂದು ಅಡಿವೆಯ್ಯ ಎಮ್ಮೆಯ ಮರೆಗೆ ನಿಂತ. ಅವರು ಬೈಯಲಿಲ್ಲ. ಎತ್ತರದ ಗೋಡೆ ನೋಡಿದರು, ಬಾವಿ ನೋಡಿದರು, ಮೂಲೆಯ ಮಾವಿನ ಮರ ನೋಡಿದರು. ಆಮೇಲೆ ಶೇಖಪ್ಪನನ್ನು ಕೇಳಿದರು. ಅವನು ಇದ್ದ ಕಾನೂನನ್ನು ಇದ್ದ ಹಾಗೆ ಹೇಳಿದ: ದಂಡ ಕಟ್ಟುವವರೆಗೆ ಇಲ್ಲಿಂದ ಬಿಡುವ ಹಾಗಿಲ್ಲ, ಬಿಡುವವರೆಗೆ ಊಟ ನೀರು ಕಾವಲುಗಾರನದು.

ಹೆಂಗಸು ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಗಡ್ಡದವನು ಮೋಟಾರಿನಿಂದ ಮಡಚುವ ಖುರ್ಚಿ ಎರಡನ್ನು ತೆಗೆದು ಮಾವಿನ ಕೆಳಗೆ ಹಾಕಿ, ಕಾಲು ಚಾಚಿ ಕೂತ.

“ಏನಂತಾರ?” ಎಂದು ಮರೆಯಿಂದಲೇ ಕೇಳಿದ ಅಡಿವೆಯ್ಯ.

“ದಂಡ ಕಟ್ಟೂದಿಲ್ಲಂತ. ದಂಡ ಕಟ್ಟದಿದ್ರ ಊಟ ಹಾಕೂ ಊರು ಇದೊಂದ ನೋಡಿದ್ದಂತ.”

ಕಾಶೆವ್ವ ಹಿಟ್ಟು ಕಲಸಿದಳು. ಗಡ್ಡದವನ ಹಸಿವು ಹೊಲ ಉತ್ತ ಎತ್ತಿನ ಹಸಿವು. ಅವನು ರೊಟ್ಟಿಯನ್ನು ಮಡಿಚಿ, ಝುಣಕ ತುಂಬಿ, ಕಣ್ಣೀರು ಸುರಿಸುತ್ತ ತಿಂದ. ಖಾರಕ್ಕೆ ಅಳುತ್ತಾನೋ ರುಚಿಗೋ ತಿಳಿಯದೆ ಕಾಶೆವ್ವ ಮತ್ತೆರಡು ಹಾಕಿದಳು. ಮೇವಿನ ಖರ್ಚು ಪಂಚಾಯ್ತಿಯಿಂದ ಬರುವುದು ದಂಡ ವಸೂಲಾದ ಮೇಲೆ. ಅಲ್ಲಿಯವರೆಗೆ ಅದು ಅಡಿವೆಯ್ಯನ ಹಿಟ್ಟಿನ ಗಡಿಗೆಯಿಂದಲೇ ಆಗಬೇಕು. ಹಿಟ್ಟು ಅಳೆಯುವ ಸೇರು ಗಡಿಗೆಯ ತಳಕ್ಕೆ ತಾಗುವ ಸದ್ದು ಅವನಿಗೆ ಹೊರಗೆ ಕೇಳಿಸಿತು.

ಹೊತ್ತು ಇಳಿಯಿತು. ಈಶಪ್ಪನವರ ಬಂಡಿ ಬಂದು ಹುಣಸೆಯ ನೆರಳಿನಲ್ಲಿ ಸುಖವಾಗಿ ನಿಂತಿತು. ಅಡಿವೆಯ್ಯ ಕೈಕಟ್ಟಿ ಹಲ್ಲು ಕಿರಿದ.

“ಹೋದ್ರು?”

“ಹೋಗಿಲ್ರಿ. ಹಿಡದೇನಿ.”

ಈಶಪ್ಪನವರು ಕೊಂಡವಾಡಕ್ಕೆ ಬಂದು ಎಮ್ಮೆ, ಮೋಟಾರು, ಖುರ್ಚಿ, ಒಡೆದ ಬಾನಿಗಳನ್ನು ಕ್ರಮವಾಗಿ ನೋಡಿದರು. ಚನಬಸಪ್ಪನೂ ಇನಾಸನೂ ಹಿಂದೆಯೇ ಬಂದು ಗೋಡೆಗೆ ಒರಗಿದರು. ಚೇರ್ಮನ್ನರ ಮಾತಿನಂತೆ ಶೇಖಪ್ಪ ವಿಚಾರಣೆ ಮಾಡಿದ.

“ಇವತ್ತ ಬಯಲಾಗ ಹೊತ್ತು ಮುಳುಗಿದ ಮ್ಯಾಲೂ ನಿಂತಿದ್ರೇನು ಅಂತ ಕೇಳು.”

“ಇಲ್ಲಂತ್ರಿ. ಅದಕ್ಕ ಮೊದಲ ಇಲ್ಲಿ ಬಂದೈತಿ.”

“ಹಂಗಾದ್ರ ಬಯಲಿನ ದಂಡ ಬರೂದಿಲ್ಲ. ಕೊಂಡವಾಡದಾಗ ದನಾ ಬಿಟ್ಟು ಬ್ಯಾರೇದ್ದು ನಿಲ್ಲಸಬಾರ್ದು ಅಂತ ಪಂಚಾಯ್ತಿ ಠರಾವು ಐತಿ. ಇಲ್ಲಿ ಯಾಕ ನಿಲ್ಲಿಸಿದ್ರು?”

“ಅವರು ನಿಲ್ಲಿಸಿಲ್ಲಂತ್ರಿ. ಈ ಒಳ್ಳೆ ಮನಶ್ಯಾ ತಾನ ಹೊಡಕೊಂಡು ಬಂದು ನಿಲ್ಲಿಸ್ಯಾನ ಅಂತಾರ.”

ಗಡ್ಡದವನು ಪ್ರೀತಿಯಿಂದ ಅಡಿವೆಯ್ಯನ ಬೆನ್ನು ತಟ್ಟಿದ.

“ಬಾನಿ ಒಡದಾಂವ ಯಾರು?”

“ಅಡಿವೆಯ್ಯನ ರೀ,” ಎಂದ ಇನಾಸ. “ನಡಕಿಂದು ಒತ್ತು ಅಂತ ನಾ ಬಡಕೊಂಡೆ.”

ಈಶಪ್ಪನವರು ಮೀಸೆ ತಿರುವಿದರು. “ಠರಾವಿನಾಗ ಗಾಡಿ ಯಾರದು ಅಂತ ಕೇಳಿಲ್ಲ. ನಿಲ್ಲಿಸಿದಾಂವ ಯಾರು ಅಂತ ಕೇಳೈತಿ. ಅಡಿವೆಯ್ಯ, ನಿಲ್ಲಿಸಿದ್ದರ ದಂಡ, ಬಾನಿ ರೊಕ್ಕ, ಎರಡೂ ನಿಂದು.”

“ಯಪ್ಪಾ! ಎಲ್ಲಿಂದ ತರಲ್ರಿ?”

“ಪಗಾರದಾಗ ಮುರಕೊಂತೇವಿ. ಬರೂ ಯುಗಾದಿ ಮಟ ಹೋಗ್ತೈತಿ. ಸೋಮಪ್ಪನ್ನ ಹಚ್ಚಬೇಕಂತ ಮಾಡಿದ್ದೆ. ಆದ್ರ ನಿನ್ನ ತೆಗೆದ್ರ ಯಾರ ಪಗಾರದಾಗ ಮುರಕೊಳ್ಳೂದು? ಹಂಗಾಗಿ ನಿನ್ನ ನೌಕರಿ ಉಳೀತು ನಡಿ.”

ಶೇಖಪ್ಪನಿಂದ ವಿಷಯ ತಿಳಿದ ಹೆಂಗಸಿಗೆ ಕನಿಕರವಾಯಿತು. ಗಂಡನಿಗೆ ಏನೋ ಹೇಳಿದಳು. ಅವನು ಪಾಕೀಟು ತೆಗೆದು ಅಡಿವೆಯ್ಯನ ದಂಡವನ್ನು ತಾನೇ ಕಟ್ಟಲು ನೋಟು ಮುಂದೆ ಹಿಡಿದ. ಅಡಿವೆಯ್ಯನ ಕೈ ಅರ್ಧ ಮೇಲೆದ್ದಿತು.

“ಮುಟ್ಟಿಗಿಟ್ಟೀ!” ಎಂದು ಈಶಪ್ಪನವರು ಗುಡುಗಿದರು. “ಪಂಚಾಯ್ತಿ ನೌಕರ ಹಿಡದ ಗಾಡಿಯವ್ರ ಕಡಿಂದ ರೊಕ್ಕ ತಗೊಂಡ್ರ ಅದಕ್ಕ ಲಂಚ ಅಂತಾರ. ನಿನ್ನ ದಂಡ ನೀನ ತೀರಸಬೇಕು. ತೀರೂತನಕ ಗಾಡಿ ಬಿಡಾಕ ಬರೂದಿಲ್ಲ. ಗಾಡಿ ಇರೂತನಕ ಊಟ ನೀರು ನಿಂದು. ಕಾನೂನು ಅಂದ್ರ ಕಾನೂನು.”

“ಸಾಹೇಬ್ರ, ಅವರು ಗೋವಾಕ್ಕ ಹೊಂಟಾವ್ರು! ಯುಗಾದಿ ಮಟ ಹೆಂಗ ಕುಂದರ್ತಾರ್ರಿ? ಶೇಖಪ್ಪಾ, ಕೇಳಪ್ಪಾ ಕೇಳು, ಅವರಿಗೆ ಅವಸರ ಐತಿ ಅಂತ ಹೇಳು!”

ಶೇಖಪ್ಪ ಕೇಳಿದ. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಗಡ್ಡದವನು ಪಾಕೀಟನ್ನು ಮತ್ತೆ ಕಿಸೆಗೆ ಇಳಿಸಿ ದೊಡ್ಡದಾಗಿ ನಕ್ಕ.

“ಅವಸರ ಏನೂ ಇಲ್ಲಂತ,” ಎಂದ ಶೇಖಪ್ಪ.

ಎಲ್ಲರೂ ಹೊರಟುಹೋದರು. ಅಡಿವೆಯ್ಯ ಒಡೆದ ಬಾನಿಯ ಒಂದು ಹೋಳಿನ ಮೇಲೆ ಕುಕ್ಕರಿಸಿದ. ಹರಿದ ಹ್ಯಾಟಿನ ಹೆಂಗಸು ತಟ್ಟೆ ಹಿಡಿದುಕೊಂಡು ಅವನ ಎದುರಿಗೆ ಬಂದು ನಿಂತಳು. ಮಧ್ಯಾಹ್ನವೆಲ್ಲ ಕಾಶೆವ್ವನ ಒಲೆಯ ಮುಂದೆ ಕೂತು ಕಲಿತದ್ದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು, ನಿಧಾನವಾಗಿ, ಒಂದಕ್ಷರವೂ ತಪ್ಪದೆ ಕೇಳಿದಳು:

“ರೊಟ್ಟಿ ಐತೇನ್ರಿ?”

ಅಡಿವೆಯ್ಯ ಒಳಗಿನ ಗಡಿಗೆಯ ಕಡೆಗೊಮ್ಮೆ ನೋಡಿ, ಎದ್ದು, ಹಿಟ್ಟು ಕಡ ತರಲು ಚೀಲ ತೆಗೆದುಕೊಂಡು ಹೊರಟ.