ಕಿಟಕಿಯಿಂದ ಹಾಕಿದ ಚೀಲ

ಸೀಟು ಹಿಡಿಯಲು ಟವೆಲ್ ಇಲ್ಲದ್ದೇ ಎಲ್ಲ ರಗಳೆಗೂ ಮೂಲ. ಸಿರುಗುಪ್ಪ ಬಸ್ ಸ್ಟ್ಯಾಂಡಿನ ನೂಕುನುಗ್ಗಲಲ್ಲಿ ಗಾದಿಲಿಂಗ ಕೈಯಲ್ಲಿದ್ದ ಕೆಂಪು ಚೀಲವನ್ನೇ ಕಿಟಕಿಯೊಳಗೆ ತೂರಿಸಿ, ಬಳ್ಳಾರಿ ಮೇಲೆ ಹೋಗುವ ಬೆಂಗಳೂರು ಬಸ್ಸಿನ ಬಾಗಿಲಿಗೆ ಓಡಿದ.

ಚೀಲದಲ್ಲಿ ಹೆಂಡತಿ ಹೇಮಾಳಿಗೆ ಹೊಸ ಸೀರೆಯಿತ್ತು, ಜೊತೆಗೊಂದು ಚೀಟಿ: 'ಇನ್ನ ಮ್ಯಾಲೆ ಯಾರ ಮ್ಯಾಲೂ ಸಂಶಯ ಪಡಂಗಿಲ್ಲ. ಮನಿಗೆ ಬಾ.' ಹಾಲಿನವನನ್ನೂ ಅನುಮಾನಿಸುವ ಗಂಡನ ಕಾಟ ತಾಳದೆ ಅವಳು ಬಳ್ಳಾರಿಯ ಕೌಲ್ ಬಜಾರಿನ ತವರು ಸೇರಿ ತಿಂಗಳಾಗಿತ್ತು; ಅವಳನ್ನು ಕರೆತರಲು ಅವನು ಹೊರಟಿದ್ದ.

ಒಳಗೆ ನೋಡಿದರೆ ಕಿಟಕಿ ಪಕ್ಕ ಹುಲುಗಮ್ಮನೆಂಬ ಮುದುಕಿ, ತೊಡೆಯ ಮೇಲೆ ದೊಡ್ಡ ಗಂಟು. ಚೀಲದ ಸುಳಿವಿಲ್ಲ. ಗಾದಿಲಿಂಗ ಪಕ್ಕದಲ್ಲೇ ಕೂತು ಗಂಟನ್ನು ದಿಟ್ಟಿಸಿದ.

"ಯವ್ವಾ, ನನ್ನ ಚೀಲ ಎಲ್ಲೈತಿ?"

"ಸಿಂಧನೂರಿನಿಂದ ಇಲ್ಲೇ ಕುಂತೀನಪ್ಪ. ಯಾವ ಚೀಲಾನೂ ಬಿದ್ದಿಲ್ಲ."

"ಗಂಟು ಬಿಚ್ಚು ನೋಡೋಣ."

ಮುದುಕಿ ಗಂಟನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಗಾದಿಲಿಂಗನ ಅನುಮಾನ ಗಟ್ಟಿಯಾಯಿತು. ಕುರುಗೋಡು ಬರುವಷ್ಟರಲ್ಲಿ ಅವನ ಕೂಗಾಟಕ್ಕೆ ಕಂಡಕ್ಟರ್ ಸೋತು ಸೀಟಿ ಊದಿ ಬಸ್ಸು ನಿಲ್ಲಿಸಿದ.

ತಪಾಸಣೆಗೆಂದು ಎಲ್ಲರ ಸಾಮಾನೂ ಇಳಿಯಿತು. ಹಿಂದಿನ ಸೀಟಿನ ಪ್ರಹ್ಲಾದಾಚಾರ್ಯರ ಬ್ಯಾಗಿನಿಂದ ಬಿಸಿ ಮಿರ್ಚಿ ಬಜ್ಜಿಯ ಪೊಟ್ಟಣ ಹೊರಬಿತ್ತು.

"ಏಕಾದಶಿ ದಿನ ಇದೇನ್ರೀ?" ಎಂದರು ಅವರ ಹೆಂಡತಿ ಅಂಬುಜಮ್ಮ. ಆಚಾರ್ಯರು ಗಾದಿಲಿಂಗನನ್ನು ಸುಟ್ಟುಬಿಡುವಂತೆ ನೋಡಿದರು.

ಕೊನೆಗೆ ಹುಲುಗಮ್ಮನ ಗಂಟು ಬಿಚ್ಚಿದಾಗ ಕೊಕ್ಕೋ ಎನ್ನುತ್ತ ಕೋಳಿ ಎದ್ದಿತು.

"ಕೋಳಿಗೆ ಟಿಕೆಟ್ ಎಲ್ಲೈತಬೇ? ಫ್ರೀ ಇರೋದು ಹೆಣ್ಣುಮಕ್ಕಳಿಗೆ!" ಎಂದ ಕಂಡಕ್ಟರ್.

"ಇದೂ ಹೆಣ್ಣೇ ಐತಲ್ಲಪ್ಪಾ!"

ವಾದ ನಡೆಯಲಿಲ್ಲ, ಕೋಳಿಗೆ ಅರ್ಧ ಟಿಕೆಟ್ ಹರಿದ. ಬಸ್ಸು ಒಂದೂವರೆ ತಾಸು ತಡವಾಗಿತ್ತು. ಆಗ ಗಾದಿಲಿಂಗನ ಫೋನು ಬಡಿದುಕೊಂಡಿತು. ಹೇಮಾ!

"ಎಲ್ಲಿ ಅದೀರಿ? ನಾ ಮನಿಗೆ ಬಂದೀನಿ. ಬಳ್ಳಾರಿಯಿಂದ ಬಂದ ಬಸ್ಸು ಸಿರುಗುಪ್ಪ ಸ್ಟ್ಯಾಂಡಿನ್ಯಾಗ ನಿಂತಿತ್ತು, ನಾ ಇನ್ನೂ ಇಳಿದಿರ್ಲಿಲ್ಲ. ಕಿಟಕಿಯಾಗಿಂದ ಕೆಂಪು ಚೀಲ ನನ್ನ ತೊಡಿ ಮ್ಯಾಲೇ ಬಿತ್ತು. ಚೀಟಿ ಓದಿ ಅತ್ತುಬಿಟ್ಟೆ ನೋಡ್ರಿ."

ಅವಸರದಲ್ಲಿ ಪಕ್ಕದ ಬಸ್ಸಿಗೆ ಚೀಲ ಎಸೆದಿದ್ದೆನೆಂದು ಅವನಿಗೆ ಈಗ ತಿಳಿಯಿತು. ಸಂತೋಷಕ್ಕೆ ಕಣ್ಣು ತುಂಬಿತು. 'ಈಗಲೇ ಬಂದೆ' ಎನ್ನಲು ಬಾಯಿ ತೆರೆದ. ಹೊರಬಂದದ್ದು ಬೇರೆ.

"ಅಷ್ಟು ಗದ್ದಲದ ಬಸ್ಸಿನ್ಯಾಗ ನಿನಗ ಕಿಟಕಿ ಸೀಟು ಯಾರು ಹಿಡಿದುಕೊಟ್ರು?"

ಅತ್ತಲಿಂದ ಹೇಮಾ, "ಮುಂದಿನ ಬಸ್ಸಿಗೆ ವಾಪಸ್ ಹೊಂಟೆ" ಎಂದಳು. ಫೋನು ಕಟ್ಟಾಯಿತು.

ಗಾದಿಲಿಂಗ ಬಸ್ಸು ಹತ್ತಿ ಸೀಟಿನ ಹತ್ತಿರ ಹೋದ. ಅಲ್ಲಿ ಕೋಳಿ ಕೂತಿತ್ತು.

"ಎಬ್ಬಿಸಬ್ಯಾಡ," ಎಂದಳು ಹುಲುಗಮ್ಮ. "ಅದಕ್ಕೂ ಟಿಕೆಟ್ ಐತಿ."